ತಾಮ್ರದ ತಗಡಿನ ಮೂಲೆಯಲ್ಲೊಂದು ಹೆಸರು

ಅಮೆರಿಕದ ವಿಕ್ಸಮ್‌ನ ಕಾರ್ಖಾನೆಯಲ್ಲಿ ಕಾರಿನ ಬಾಗಿಲುಗಳನ್ನು ಒತ್ತಿ ತೆಗೆಯುವ ಉಕ್ಕಿನ ಡೈ ಪರೀಕ್ಷಿಸುವುದು ಕಲ್ಲಿನಾಥನ ಹಗಲಿನ ಕರ್ಮ. ಇಪ್ಪತ್ತೆರಡು ವರ್ಷಗಳಲ್ಲಿ ಅವನ ಕೈ ದಾಟಿ ಹೋದ ಬಾಗಿಲುಗಳನ್ನು ಸಾಲಾಗಿ ನಿಲ್ಲಿಸಿದರೆ ಅವನಿರುವ ನೋವೈ ಊರಿಗೆ ಒಂದು ಕೋಟೆಯೇ ಆದೀತು. ಒಂದರ ಮೇಲೂ ಅವನ ಹೆಸರಿಲ್ಲ, ನಂಬರ್ ಮಾತ್ರ. ಸಂಜೆ ಬೇಸ್‌ಮೆಂಟಿನಲ್ಲಿ, ವಾಷಿಂಗ್ ಮೆಷಿನ್ನಿನ ಪಕ್ಕದಲ್ಲಿ, ನಮ್ಮ ವೀರ ಆಕಳಿಸುತ್ತಲೇ ತಾಮ್ರದ ತಗಡು ಕೆತ್ತಲು ಉಳಿ ಹಿಡಿಯುತ್ತಾನೆ.

ಅದು ಸಾಮಾನ್ಯ ಕೆತ್ತನೆಯಲ್ಲ. ನಾನೂರು ವರ್ಷ ಹಿಂದೆ ಯುರೋಪಿನ ಬರೋಕ್ ಶೈಲಿಯ ಕೆತ್ತನೆಗಾರರು ದೊರೆಗಳ ಗುಂಗುರು ಕೂದಲನ್ನು ತಾಮ್ರದಲ್ಲಿ ಕೊರೆದ ರೀತಿ. ಗೆರೆ ಸಣ್ಣಗೆ ಹೊರಟು, ನಡುವೆ ಉಬ್ಬಿ, ಮತ್ತೆ ಎಳೆಯಾಗಬೇಕು. ಆ ಚಿತ್ರಗಳಲ್ಲಿ ದೊರೆಯ ಹೆಸರು ಕುಂಬಳಕಾಯಿಯಷ್ಟು, ಕೆತ್ತಿದವನದು ಸಾಸಿವೆಯಷ್ಟು. ಸಾಸಿವೆಯಾದರೂ ಇರುತ್ತಿತ್ತು.

ಈ ಸಲ ಗಣೇಶನ ಹಬ್ಬಕ್ಕೆ ಅಚ್ಚು ಹಾಕಿ ಹಂಚಲು ಊರಿನ ಕನ್ನಡ ಸಂಘದ ಸಮಿತಿಯವರು ಅವನಿಂದ ಗಣಪತಿ ಕೆತ್ತಿಸಿದರು. ನಾಲ್ಕು ತಿಂಗಳು ಹೋಯಿತು, ಜೊತೆಗೆ ಬಲಭುಜವೂ. ಕೊನೆಗೆ ಮೂಲೆಯಲ್ಲಿ 'ಕಲ್ಲಿನಾಥ ಕೆತ್ತಿದ್ದು' ಎಂದು ತನ್ನ ಸಾಸಿವೆ ಹಾಕಿದ. ಬದುಕಿನಲ್ಲಿ ಮೊದಲ ಸಲ.

ನೋಡಲು ಬಂದ ಅಧ್ಯಕ್ಷ ರಾಜಶೇಖರ್ ಬೆಚ್ಚಿದರು. "ಏನ್ರೀ ಇದು, ಸೊಂಡಿಲು ಬಲಕ್ಕೆ! ಬಲಮುರಿ ಗಣಪತಿಗೆ ಎಷ್ಟು ಮಡಿ ಬೇಕು ಗೊತ್ತಾ? ನಮ್ ಜನ ಮಡಿ ಮಾಡ್ತಾರೋ, ಝೂಮ್ ಮೀಟಿಂಗ್ ಮಾಡ್ತಾರೋ?"

"ಇದು ತಗಡ್ರಿ ಸರ್. ಅಚ್ಚಿನ್ಯಾಗ ತಿರುಗಿ ಬರ್ತೈತಿ." ಕಲ್ಲಿನಾಥ ಕನ್ನಡಿ ಹಿಡಿದ. ಸೊಂಡಿಲು ವಿಧೇಯವಾಗಿ ಎಡಕ್ಕೆ ಬಂತು.

"ಹಂಗಾದ್ರೆ ಓಕೆ. ಕೆಳಗಡೆ ಮೂರು ಸ್ಪಾನ್ಸರ್ ಹೆಸರು ಬರ್ಬೇಕು. ಅಲ್ಲೇನೋ ಗೀಚಿದೀರಲ್ಲ, ಅದನ್ನ ತೆಗೆದುಬಿಡಿ."

"ಅದು ನನ್ನ ಹೆಸರ್ರಿ."

"ಅಯ್ಯೋ, ನೀವು ಎಲ್ರಿಗೂ ಗೊತ್ತಲ್ಲ! ಸ್ಟೇಜ್ ಮೇಲೆ ಥ್ಯಾಂಕ್ಸ್ ಹೇಳ್ತೀವಿ."

ಜಗಳಕ್ಕೆ ಬೇಕಾದಷ್ಟು ಶಕ್ತಿ ಕಲ್ಲಿನಾಥನಲ್ಲಿ ಉಳಿದಿರಲಿಲ್ಲ. ಅವರು ಹೋದ ಮೇಲೆ ಹೆಸರು ಹೆರೆಯಲು ಚೂರಿ ಎತ್ತಿಕೊಂಡ. ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದ ತಾಯಿ ಕಮಲವ್ವ ಬಾಯಿಬಿಟ್ಟರು.

"ತಡಿಯಪಾ. ಅಳಿಸೂದಿದ್ರ ಅಳಿಸು. ಮದ್ಲ ನನಗೊಂದು ಅಚ್ಚ ಹೊಡದು ಕೊಡು."

"ಯಾಕವ್ವಾ, ನಾಳೆ ನೂರು ಹೊಡಿತೀನಲ್ಲ."

"ಆ ನೂರು ಅವರಿಗಿರ್ಲಿ."

ತಗಡಿಗೆ ಮಸಿ ಬಳಿದು, ಒರೆಸಿ, ಅಚ್ಚಿನ ಯಂತ್ರದ ಚಕ್ರ ತಿರುಗಿಸಿ ಒದ್ದೆ ಕಾಗದ ಎತ್ತಿದ.

"ನಿನ್ನ ಹೆಸರ ಎಲ್ಲೈತಿ?" ಎಂದರು ಕಮಲವ್ವ. ಅಷ್ಟು ಸಣ್ಣದು ಅವರಿಗೆ ಕಾಣದು. ಮಗ ಅವರ ಬೆರಳು ಹಿಡಿದು, ಮಸಿಗೆ ತಾಗದಂತೆ, ಮೂಲೆಯ ಮೇಲೆ ನಿಲ್ಲಿಸಿದ. ಅವರು ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಆಮೇಲೆ ಕಾಗದವನ್ನು ಎರಡೂ ಅಂಗೈ ಮೇಲೆ ಹೊತ್ತು ನಿಧಾನವಾಗಿ ಮೆಟ್ಟಿಲು ಹತ್ತಿದರು.

ಕಲ್ಲಿನಾಥ ಹೆರೆಯಲು ಕೂತ.