ಪ್ರಯಾಗಬಾಯಿ ಕೊಡದ ಗುಳಗಿ

ಕೇಳಿದವರಿಗಿ ಎಂದೂ ಇಲ್ಲ ಅನ್ನದಾಕಿ ಒಮ್ಮಿ ಘಟ್ಟಿ ಮನಸ್ಸ ಮಾಡಿ ಇಲ್ಲ ಅಂದಳು. ಅದರಿಂದ ಒಂದ ಜೀವ ಉಳೀತು. ಅದಕ್ಕೇ ದಾಳಿಂಬ ಅನ್ನೋ ಊರಿನ ಪ್ರಯಾಗಬಾಯಿ ಸುದ್ದಿ ನಾಕ ಮಂದಿಗಿ ತಿಳೀಬೇಕು.

ಆಕಿ ಗಂಡ ಕಲ್ಯಾಣಪ್ಪ ಜ್ವಾಳ, ತೊಗರಿ ಬೆಳೀತಾನ. ಮನಿ ರಸ್ತಾಕ್ಕ ಹತ್ತೇ ಅದ. ಜಂಗಮ ಬರಲಿ, ದಾರಿಹೋಕ ಬರಲಿ, ರೊಟ್ಟಿ ಬುಟ್ಟಿ ಮುಂದ ಇಡೋದು ಆ ಮನಿ ರೀತಿ. ತಮಗ ಇದ್ದದ್ದರಾಗ ಮಂದಿದೂ ಪಾಲು ಅದ ಅಂತ ತಿಳದಾಕಿ ಆಕಿ.

ನಿಜಾಮನ ಆಳ್ವಿಕಿ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಏಳೆಂಟ ವರ್ಷ ಆಗಿತ್ತು. ಆಕಿಗಿ ತಲಿ ಸಿಡಿಯೋದು ಸುರು ಆತು. ಕಲ್ಯಾಣಪ್ಪ ಬಂಡಿ ಕಟ್ಟಿ ಉಮರ್ಗಾದ ಡಾಕ್ಟರ ಕಡಿ ಕರಕೊಂಡು ಹೋದ. ಡಾಕ್ಟರ ತೋಳಿಗಿ ಪಟ್ಟಿ ಸುತ್ತಿ, ಗಾಳಿ ಹೊಡದು ನೋಡಿದ್ರು.

"ರಕ್ತದ ಒತ್ತಡ ಭಾಳ ಏರ್ಯಾದವ್ವ. ಇವು ಸರ್ಪಗಂಧಿ ಬೇರಿನ ಗುಳಗಿ. ದಿನಾ ತಗೋ. ಛಲೋ ಅನಸ್ತು ಅಂತ ನೀನಾಗೇ ಬಿಡಬ್ಯಾಡ. ಉಪ್ಪು ಕಡಿಮಿ ಮಾಡು. ಮಲಗಿದಾಕಿ ಝಟ್ಟನ ಏಳಬ್ಯಾಡ. ಮತ್ತ, ನಿನ್ನ ಗುಳಗಿ ನಿನಗಷ್ಟೇ."

ಮುಂಜಾನಿ ಲಿಂಗಪೂಜಿ ಆಗೋತನ ಆಕಿ ಬಾಯಾಗ ಹನಿ ನೀರ ಹಾಕಂಗಿಲ್ಲ. ಪೂಜಿ ಮುಗಿಸಿ ಮದಲ ಗುಳಗಿ ನುಂಗೋಳು. ಹಿಂಗಾಗಿ ಒಂದಿನಾನೂ ಮರೀಲಿಲ್ಲ. ಉಪ್ಪಿನಕಾಯಿ ಗಡಿಗಿ ಅಟ್ಟ ಏರ್ತು. ಡಾಕ್ಟರ ಹೇಳಿದ್ದು ಎಲ್ಲಾ ನಡಸಿದಳು, ಕಡೀ ಮಾತೊಂದು ಬಿಟ್ಟು.

ಬಾಜು ಮನಿ ಸರುಬಾಯಿ ಬಂದು, "ಅಕ್ಕಾ, ತಲಿ ಗರ್ರ ತಿರಗಲಿಕತ್ತದ" ಅಂದಳು.

"ತಗೋ, ಬೇರಿನ ಔಷಧ. ಏನೂ ಆಗಂಗಿಲ್ಲ" ಅಂತ ಪ್ರಯಾಗಬಾಯಿ ಬೆಲ್ಲ ಕೊಟ್ಟಂಗ ಒಂದ ಹಿಡಿ ಗುಳಗಿ ಕೊಟ್ಟಳು.

ಸರುಬಾಯಿಗಿ ಇದ್ದದ್ದು ನಿತ್ರಾಣ, ರಕ್ತದ ಒತ್ತಡ ಅಲ್ಲ. ಗುಳಗಿ ತಗೋತ ತಗೋತ, ಆ ವಾರದಾಗೇ ಎಮ್ಮಿ ಹಿಂಡಿ ಎದ್ದಾಕಿ ಕಣ್ಣ ಕತ್ತಲಾಗಿ ಬಿದ್ದಳು. ಹಾಲಿನ ಚರಗಿ ಒಂದ ಕಡಿ, ಆಕಿ ಒಂದ ಕಡಿ. ಗುಳಗಿ ಬಿಡಿಸಿದ ಮ್ಯಾಲ ಚೇತರಿಸಿಕೊಂಡಳು.

"ಅಕ್ಕಾ, ಇನ್ಮ್ಯಾಲ ಕೊಡೋದಿದ್ರ ಹೋಳಗಿ ಕೊಡು" ಅಂತ ನಕ್ಕಳು.

ಪ್ರಯಾಗಬಾಯಿಗಿ ನಗು ಬರಲಿಲ್ಲ. ಅವತ್ತೇ ಗುಳಗಿ ಶೀಶಾ ಸಂದೂಕದಾಗ ಇಟ್ಟು, ಕೀಲಿ ಸೊಂಟಕ್ಕ ಸಿಗಿಸಿದಳು.

ಸುಗ್ಗಿ ಹೊತ್ತಿಗಿ ಕಲ್ಯಾಣಪ್ಪನ ಅಣ್ಣ ಗುರುಲಿಂಗಪ್ಪ ನಿಲಂಗಾದಿಂದ ಬಂದ್ರು. ಅಲ್ಲಿ ಅವರದು ಕಿರಾಣಿ ಅಂಗಡಿ. ಮನ್ಯಾಗ ಅವರೇ ಹಿರೇರು.

"ಎರಡ ದಿನ ಆತು, ತಲಿ ಒಡೀಲಿಕತ್ತದ. ನಿನ್ನ ಹೇಣ್ತಿ ಕಡಿ ಗುಳಗಿ ಅವ ಅಂತಲ್ಲ. ಕೊಡ ಅನ್ನು" ಅಂದ್ರು ತಮ್ಮಗ.

ಪ್ರಯಾಗಬಾಯಿ ಭಾವನ ಎದುರು ನಿಂತು ಮಾತಾಡಿದಾಕೇ ಅಲ್ಲ. ಏನರ ಹೇಳೋದಿದ್ರ ಬಾಗಲ ಹಿಂದ ನಿಂತು ಗಂಡನ ಕೈಲೆ ಹೇಳಸೋಳು. ಕಲ್ಯಾಣಪ್ಪ ಒಳಗ ಬಂದು ಕೈ ಚಾಚಿದ.

"ಕೊಡಂಗಿಲ್ಲ" ಅಂದಳು.

"ನಮ್ಮ ಅಣ್ಣಗ ಇಲ್ಲ ಅಂತಿ?"

"ಯಾರಿಗೂ ಇಲ್ಲ."

ಹೊರಗ ಭಾವಗ ಕೇಳಿಸ್ತು. "ಈ ಮನ್ಯಾಗ ನಾಯಿಗೂ ಇಲ್ಲ ಅಂದಿಲ್ಲೋ ಕಲ್ಯಾಣಪ್ಪಾ! ನಿನ್ನ ಹೇಣ್ತಿ ಬಂಗಾರದ ಹಂಡೆ ಕಾಯೋ ಹಾವಿನಂಗ ಗುಳಗಿ ಮ್ಯಾಲ ಕುಂತಾಳಲ್ಲೋ!"

ಪ್ರಯಾಗಬಾಯಿ ಸೆರಗ ಎಳಕೊಂಡು ಪಡಸಾಲಿಗೇ ಬಂದಳು.

"ಭಾವಾರೀ, ಬೈರಿ. ಸರುಬಾಯಿಗಿ ಕೊಟ್ಟು ಆಕಿನ್ನ ಕೆಡವೀನಿ. ನಿಮಗ ಕೊಡಂಗಿಲ್ಲ. ಬಂಡಿ ಕಟ್ಟಸ್ತೀನಿ, ಡಾಕ್ಟರ ನೋಡಿ ಕೊಟ್ರ ತಗೋರಿ. ನೀವು ಹೋಗಿ ತೋರಸೋತನ ನಾ ಉಣ್ಣಂಗಿಲ್ಲ. ನನ್ನ ಗುಳಗಿ ತಗೋತೀನಿ, ಕೂಳ ಮುಟ್ಟಂಗಿಲ್ಲ."

ಗುರುಲಿಂಗಪ್ಪ ತಮ್ಮನ ಕಡಿ ತಿರಗಿದ್ರು. "ಬಂಡಿ ಕಟ್ಟೋ. ಇಕಿ ಉಪವಾಸ ಬಿದ್ರ ಅದೂ ನನ್ನ ತಲಿಮ್ಯಾಲೇ ಬರ್ತದ."

ಡಾಕ್ಟರ ಹೊಟ್ಟಿ ಒತ್ತಿ ನೋಡಿದ್ರು, ಕೇಳಿದ್ರು. ಹೊಟ್ಟಿ ಉರೀತದ, ಮಲ ಕರ್ರಗ ಹೋಗ್ತದ ಅಂತ ಗುರುಲಿಂಗಪ್ಪ ಆಗ ಬಾಯಿ ಬಿಟ್ರು.

"ಹೊಟ್ಟ್ಯಾಗ ಹುಣ್ಣ ಅದರೀ, ಒಳಗ ರಕ್ತ ಸೋರೇ ತಲಿ ನೋಯ್ಲಿಕತ್ತದ. ಆಕಿ ಗುಳಗಿ ನಿಮಗ ಆಗಂಗಿಲ್ಲ, ಹುಣ್ಣ ಕೆರಳಸ್ತದ. ತಗೊಂಡಿದ್ರ ರಕ್ತ ಕಾರಿ ಸಾಯ್ತಿದ್ರಿ" ಅಂತ ಹೇಳಿ ಬ್ಯಾರೇ ಔಷಧ ಕೊಟ್ರು.

ಸಂಜಿಗಿ ಬಂಡಿ ತಿರಗಿ ಬಂತು. ಗುರುಲಿಂಗಪ್ಪ ಪಡಸಾಲಿದಾಗ ಕುಂತು ಒಳಗಿನ ಬಾಗಲ ಕಡಿ ನೋಡಿದ್ರು.

"ತಂಗೀ, ಹಾಲು-ಅನ್ನ ಉಣ್ಣು ಅಂದಾರ ಡಾಕ್ಟರ. ಅದಕ್ಕರ ಹೂಂ ಅಂತಿ ಇಲ್ಲೋ?"

ಆಕಿ ನೀಡಿದಳು. ಅವರು ಉಂಡ ಮ್ಯಾಲ ತಾನೂ ಉಂಡಳು.

ಆ ಕಡಿ ಹೋದ್ರ, ರಸ್ತಾ ಬಾಜೂಕಿನ ಆ ಮನಿಗಿ ಹೋಗಿ ಪ್ರಯಾಗಬಾಯಿನ್ನ ಕಂಡು ಬರ್ರಿ. ರೊಟ್ಟಿ, ಪುಂಡಿಪಲ್ಯಾ ನೀಡ್ತಾಳ. ಉಪ್ಪು ಸಪ್ಪಗ ಇರ್ತದ, ಉಣ್ರಿ. ನಿಮಗ ತಲಿ ನೋಯ್ತದ ಅಂದ್ರ ಮಾತ್ರ ಆಕಿ ಸಂದೂಕ ತಗ್ಯಂಗಿಲ್ಲ, ಬಂಡಿ ಕಟ್ಟಸ್ತಾಳ.