ಯೂರೋ ಬದಲಿಸಲು ಬಂದವನು

ಒನೆಹುಂಗಾದ ಮುಖ್ಯ ಬೀದಿಯಲ್ಲಿ ಡೈರಿ ಅಂಗಡಿ ಇಟ್ಟಿದ್ದ ಮೈಸೂರಿನ ಆಂಟಿ, ಜರ್ಮನಿಯಲ್ಲಿದ್ದ ಮಗಳ ಬಾಣಂತನಕ್ಕೆ ಹೊರಟಿದ್ದರು. ಅದೇ ಬೀದಿಯ ಕರೆನ್ಸಿ ವಿನಿಮಯದ ಕೌಂಟರಿನಲ್ಲಿ ಕೆಲಸಕ್ಕಿದ್ದ ನಾನು ಅವರ ಡಾಲರುಗಳನ್ನು ಯೂರೋ ಮಾಡಿಸಿ ತಂದುಕೊಟ್ಟೆ.

"ಪ್ಯಾರಿಸ್‌ಗೆ ಹೋದ್ರೂ ಇದೇ ನಡೆಯತ್ತೇನೋ?"

"ಇಪ್ಪತ್ತಕ್ಕೂ ಹೆಚ್ಚು ದೇಶದಲ್ಲಿ ನಡೆಯತ್ತೆ ಆಂಟಿ," ಎಂದು ಹೇಳಿ ಹಾಲು ತರಲು ಅಂಗಡಿಯ ಹಿಂದಿನ ಫ್ರಿಜ್ ಕಡೆಗೆ ಹೋದೆ.

ಅಷ್ಟರಲ್ಲಿ ಒಬ್ಬ ನುಗ್ಗಿ ಆಂಟಿಯ ಕುತ್ತಿಗೆಗೆ ಚಾಕು ಹಿಡಿದ. ಮುಖಕ್ಕೆ ಕಟ್ಟಿದ್ದ ಬಟ್ಟೆ ಜಾರಿ ಮುಖ ನನಗೆ ಕಂಡಿತು. ಯೂರೋ ಇದ್ದ ಲಕೋಟೆ ಕಿತ್ತುಕೊಂಡು ಓಡಿದ. ಆ ಚಾಕು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ.

ಅಷ್ಟು ದೇಶಗಳಲ್ಲಿ ನಡೆಯುವ ನೋಟಿಗೆ ಡಾಲರು ನಡೆಯುವ ಒನೆಹುಂಗಾದಲ್ಲಿ ಒಂದು ಬ್ರೆಡ್ಡೂ ಸಿಗುವುದಿಲ್ಲ. ನನ್ನ ಕೌಂಟರಿಗೆ ಬಂದೇ ಬರುತ್ತಾನೆಂದು ಹಲ್ಲು ಕಚ್ಚಿ ಕಾದೆ. ಮುಂದಿನ ವಾರ ಬಂದ. ಫ್ರಿಜ್ ಹಿಂದಿದ್ದ ನನ್ನನ್ನು ಅವನು ನೋಡಿರಲಿಲ್ಲ. ನಗುತ್ತಲೇ ಗುರುತಿಗೆಂದು ಡ್ರೈವಿಂಗ್ ಲೈಸೆನ್ಸ್ ಕೇಳಿದೆ, ಕೊಟ್ಟ. ಒಳಗೆ ಹೋಗಿ ಪೊಲೀಸರಿಗೆ ಫೋನ್ ಮಾಡಿ ಬಂದು, ಕಂಪ್ಯೂಟರ್ ಇವತ್ತು ನಿಧಾನ ಎಂದೆ.

ಪೊಲೀಸರು ಬಂದರು. ವಿಷಯ ತಿಳಿದು ಬಂದ ಆಂಟಿ, "ಪಾಪ ಕಣೋ, ಯಾವ ತಾಯಿ ಮಗನೋ," ಎಂದರು.

ನನಗೆ ಪಾಪ ಅನ್ನಿಸಲಿಲ್ಲ. ಪೊಲೀಸರು ಕೋಳ ತೊಡಿಸಿ ಅವನನ್ನು ಕಾರಿಗೆ ಹತ್ತಿಸಿದರು. ಕಾರು ಹೊರಡುವವರೆಗೂ ನಿಂತು ನೋಡಿದೆ.