ಸಂಜೆ ಹೊತ್ತಿನಲ್ಲಿ ತೆಗೆದ ಮುಂಜಾನೆ

ಒಂದು ಸಿನಿಮಾದ ಮೊದಲ ನಾಲ್ಕು ನಿಮಿಷದ ಮೇಲೆ ಒಂದು ಗಂಟೆ ಮಾತಾಡಬಹುದೆಂದು ನನಗೆ ತಿಳಿದದ್ದು ಇಂದಿರಾನಗರದ ಒಂದು ಪುಟ್ಟ ಸಭಾಂಗಣದಲ್ಲಿ. ಅವತ್ತು ಇಳಿಹೊತ್ತಿನಲ್ಲಿ ಅಲ್ಲಿ ತೋರಿಸಿದ್ದೂ ಆ ನಾಲ್ಕು ನಿಮಿಷವನ್ನೇ, ಮಿಕ್ಕಿದ್ದೆಲ್ಲ ಚರ್ಚೆ. ನಾನು ಹೋದದ್ದು ಸಿನಿಮಾ ಪ್ರೀತಿಗಲ್ಲ. ಆ ದೃಶ್ಯವನ್ನು ತೆಗೆದದ್ದು ಹಲಸೂರಿನ ನಮ್ಮ ಮನೆಯ ಹೊಸಿಲಲ್ಲಿ. ಅದರಲ್ಲಿ ತಾವೂ ಇರುವುದಾಗಿ ನಮ್ಮತ್ತೆ ಬೀದಿಗೆಲ್ಲ ಹೇಳಿದ್ದರು. ಮದುವೆಗಳಿಗೆಂದು ಎತ್ತಿಟ್ಟ ಸೀರೆ ಉಟ್ಟು, ಸಾಕ್ಷಿಗೆ ಎದುರುಮನೆಯಾಕೆಯನ್ನೂ ಹೊರಡಿಸಿಕೊಂಡು ಬಂದಿದ್ದರು.

ಚಿತ್ರೀಕರಣದವರಿಗೆ ಬೇಕಾಗಿದ್ದದ್ದು ಮುಂಜಾನೆ, ಅವರು ಬಂದದ್ದು ಸಂಜೆ. ನಮ್ಮದು ಪಡುವಣ ಬಾಗಿಲಿನ ಮನೆ. ಬೆಳಗಿನ ಬಿಸಿಲು ಹಿತ್ತಿಲಿಗೆ, ಸಂಜೆಯದು ಹೊಸಿಲಿಗೆ. "ಲೈಟು ಒಂದೇ ಅಮ್ಮಾ, ಪರದೆ ಮೇಲೆ ಯಾರಿಗೂ ಗೊತ್ತಾಗಲ್ಲ" ಎಂದರು ನಿರ್ದೇಶಕರು. ಬೆಳಗಾಗೆದ್ದು ಬರುವ ಕಷ್ಟಕ್ಕಿಂತ ಸೂರ್ಯನನ್ನು ತಿರುಗಿಸುವುದು ಅವರಿಗೆ ಸುಲಭವಾಗಿ ಕಂಡಿತ್ತು.

ನಾಯಕಿಯ ಕೈಯಲ್ಲಿ ರಂಗೋಲಿ ಪುಡಿ ಎಳೆಯಾಗಿ ಇಳಿಯಲಿಲ್ಲ. ಸಾರಿಗೆ ಉಪ್ಪು ಉದುರಿಸಿದಂತೆ ಉದುರಿತು. ಪೊರಕೆಯನ್ನಂತೂ ಆಕೆ ಹೂಗುಚ್ಛದಂತೆ ಹಿಡಿದಿದ್ದಳು. ಆಗ ಅವಳ ಬದಲಿಗೆ ಗುಡಿಸಿ ರಂಗೋಲಿ ಹಾಕಲು ಅತ್ತೆಗೆ ಕರೆ ಬಂತು.

"ದೀಪ ಹಚ್ಚೋ ಹೊತ್ತಲ್ಲಿ ಪೊರಕೆ ಮುಟ್ಟಲ್ಲಪ್ಪ ನಾವು. ಲಕ್ಷ್ಮಿ ಬರೋ ಹೊತ್ತು."

"ಸಿನಿಮಾದಲ್ಲಿ ಇದು ಬೆಳಿಗ್ಗೆ, ಅಜ್ಜಿ."

"ಅದನ್ನ ಲಕ್ಷ್ಮಿಗೆ ಯಾರು ಹೇಳ್ತಾರೆ?"

ನಿರ್ದೇಶಕರು ನಕ್ಕರು, ಬಿಡಲಿಲ್ಲ. ಅತ್ತೆ ಕೇಳಿದ್ದು ಒಂದೇ ಮಾತು: "ಮುಖ ಬತ್ತದಾ?"

"ಬರದೆ ಇರುತ್ತಾ ಅಜ್ಜಿ? ನೀವೇ ನಮ್ಮ ಓಪನಿಂಗು!"

ಅತ್ತೆ ತಮ್ಮಷ್ಟಕ್ಕೆ ಒಂದು ದಾರಿ ಕಂಡುಕೊಂಡರು. ದೀಪವನ್ನೇ ತಡ ಮಾಡಿದರು. ಆ ತಂಡವೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೋದಮೇಲೆ, ಕತ್ತಲಲ್ಲಿದ್ದ ದೇವರ ಮುಂದೆ ಏನೋ ಗೊಣಗುತ್ತ ಹಚ್ಚಿದರು. ನಾನು ಈ ಮನೆಗೆ ಬಂದಮೇಲೆ ದೀಪ ಕಾದದ್ದು ಅದೊಂದೇ ದಿನ.

ಇನ್ನು ಪರದೆಯ ಮೇಲೆ ಕಂಡದ್ದು. ಮೊದಲು ಬರೀ ಕಪ್ಪು, ಪೊರಕೆಯ ಸದ್ದು. ಹಿಂದೆಯೇ ಮಸೀದಿಯ ಅಜಾನ್, ಅದರ ಬೆನ್ನಿಗೆ ಗುಡಿಯ ಗಂಟೆ, ಅದು ನಿಲ್ಲುವ ಮೊದಲೇ ಚರ್ಚಿನ ಗಂಟೆ, ಬಸ್ಸಿಗೆ ಸಾಲು ನಿಂತಂತೆ. ನಮ್ಮ ಬೀದಿಯಲ್ಲಿ ಬೆಳಿಗ್ಗೆ ಎಲ್ಲಕ್ಕಿಂತ ಜೋರಾಗಿ ಕೇಳುವುದು ಕಸದ ಗಾಡಿಯ ಹಾಡು. ಅದು ಮಾತ್ರ ಇರಲಿಲ್ಲ. ಆಮೇಲೆ ಚಿನ್ನದ ನೀರು ಹೊಯ್ದಂಥ ಹೊಸಿಲು. ಅಂಗಳದ ತುಳಸಿಯ ನೆರಳು ಮನೆಯೊಳಗೆ ಬಿದ್ದಿತ್ತು. ಆಮೇಲೆ ಪರದೆ ತುಂಬ ಒಂದು ಕೈ: ಮಣಿಕಟ್ಟಿನ ಮೇಲೆ ಹಸಿರು ಹಚ್ಚೆ, ಹೆಬ್ಬೆರಳು ತೋರುಬೆರಳ ನಡುವಿನಿಂದ ಇಳಿಯುವ ಬಿಳಿ ಎಳೆ. ಅತ್ತೆ ನೆಟ್ಟಗೆ ಕೂತರು. ಕ್ಯಾಮೆರಾ ಬಳೆಯಿಂದ ತೋಳಿಗೆ ಏರಿತು. ಅಲ್ಲಿ ಶಾಟಿಗೆ ಕತ್ತರಿ ಬಿತ್ತು. ಮುಂದೆ ಕಂಡದ್ದು ನಾಯಕಿಯ ಮುಖ, ಕೂದಲು ಸರಿಸುವ ಬೋಳು ಮಣಿಕಟ್ಟು. ಆಗತಾನೇ ಹಾಸಿಗೆಯಿಂದ ಎದ್ದ ಹೆಂಗಸು, ಮುಡಿಯಲ್ಲಿ ಆಗತಾನೇ ಬಿರಿದ ಮಲ್ಲಿಗೆ. ರಾತ್ರಿಯೆಲ್ಲ ತಲೆಯಡಿ ಮಲಗಿದ ಮಲ್ಲಿಗೆ ಬೆಳಿಗ್ಗೆ ಹೇಗಿರುತ್ತದೆಂದು ಆ ತಂಡದಲ್ಲಿ ಯಾರೂ ನೋಡಿರಲಿಲ್ಲವೇ?

"ಎಲ್ಲಕ್ಕಾ ನೀನು?" ಎದುರುಮನೆಯಾಕೆ ಪಿಸುಗುಟ್ಟಿದಳು.

"ಬತ್ತೀನಿ, ಇರೇ."

ಚಿತ್ರದ ಹೆಸರು ಬಿತ್ತು, ದೀಪ ಹತ್ತಿತು.

"ಬಂದು ಹೋಗ್ಬಿಟ್ಯಾಕ್ಕಾ? ನಾನೇ ಕಣ್ಣು ಮುಚ್ಚಿದ್ನಾ?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತರು.

ವೇದಿಕೆಯಲ್ಲಿ ನಿರ್ದೇಶಕರು, ನಾಯಕಿ, ಮಧ್ಯೆ ಖಾದಿ ಜುಬ್ಬದ ಒಬ್ಬ ವಿಶ್ಲೇಷಕರು. ಪೊರಕೆ ನೆಲದ ಮೇಲೆ ಎಳೆಯುವ ಅರ್ಧ ವೃತ್ತ ಹೆಣ್ಣಿನ ಬದುಕಿನ ಸೀಮಿತ ಪರಿಧಿ ಎಂದರು ಅವರು. ಯಾರು ಗುಡಿಸಿದರೂ ಅರ್ಧ ವೃತ್ತವೇ ಆಗುತ್ತದೆ, ದೇವರು ತೋಳು ಜೋಡಿಸಿರುವುದೇ ಹಾಗೆ. ಅವರು ಒಮ್ಮೆ ಗುಡಿಸಿ ನೋಡಬಹುದಿತ್ತು. ನೆರಳು ಒಳಬರುವುದು ಭೂತಕಾಲದ ಪ್ರವೇಶವಂತೆ. ಕೊನೆಗೆ ನಾಯಕಿಯ ಕಡೆ ತಿರುಗಿ, "ಆ ಕೈ! ಮುಖಕ್ಕಿಂತ ಮೊದಲೇ ನಿಮ್ಮ ಕೈ ಅಭಿನಯಿಸಿಬಿಡುತ್ತೆ" ಎಂದರು. ನಾಯಕಿ ಎದೆಗೆ ಅಂಗೈ ಇಟ್ಟುಕೊಂಡು ಚಪ್ಪಾಳೆಯನ್ನು ಸ್ವೀಕರಿಸಿದಳು.

ಪ್ರಶ್ನೆ ಇದ್ದರೆ ಕೈ ಎತ್ತಿ, ಎದ್ದು ನಿಂತು, ಮೊದಲು ಥ್ಯಾಂಕ್ಯೂ ಹೇಳಬೇಕೆಂದು ಕಾನ್ವೆಂಟಿನ ಸಿಸ್ಟರು ಕಲಿಸಿದ್ದರು. ಹಾಗೆಯೇ ಮಾಡಿದೆ. ನಿರ್ದೇಶಕರಿಗೆ ನನ್ನ ಗುರುತು ಹತ್ತಲಿಲ್ಲ. ಅವರ ತಂಡಕ್ಕೆಲ್ಲ ಅವತ್ತು ಕಾಫಿ ಕೊಟ್ಟವಳು ನಾನು.

"ಥ್ಯಾಂಕ್ಯೂ ಸರ್. ಕೈ ಮೇಲಿದ್ದ ಹಚ್ಚೆ ಮುಂದಿನ ಶಾಟಲ್ಲಿ ಎಲ್ಲಿ ಹೋಯ್ತು?"

ನಿರ್ದೇಶಕರು ನೀರಿನ ಬಾಟಲಿ ಎತ್ತಿಕೊಂಡರು. ಕಾಪಾಡಿದ್ದು ವಿಶ್ಲೇಷಕರು. "ಬಹಳ ಸೂಕ್ಷ್ಮವಾಗಿ ನೋಡಿದೀರಿ ಮೇಡಂ. ಪರಂಪರೆ ಅಳಿಸಿಹೋಗೋದರ ರೂಪಕ ಅದು."

"ಹೌದು, ಬೇಕಂತಲೇ ಮಾಡಿದ್ದು" ಎಂದರು ನಿರ್ದೇಶಕರು, ನೀರು ಕುಡಿದು.

ಪಕ್ಕದಿಂದ ಅತ್ತೆಯ ಕೈ ಮೇಲೆದ್ದಿತು. "ಅಳಿಸಿಲ್ಲಪ್ಪ. ಇಲ್ಲೇ ಐತೆ, ನೋಡು."

ಸಭೆ ಚಪ್ಪಾಳೆ ತಟ್ಟಿತು. ಇದೂ ಕಾರ್ಯಕ್ರಮದ ಭಾಗವೆಂದು ತಿಳಿದವರೇ ಹೆಚ್ಚು. "ಅಯ್ಯೋ, ಅಜ್ಜಿ! ನೀವಾ!" ಎಂದು ನಿರ್ದೇಶಕರು ಇಳಿದು ಬಂದರು, ಎಡಿಟಿಂಗು, ಲೆಂಗ್ತು ಎಂದೇನೋ ತೊದಲಿದರು. ಜನ ಮೊಬೈಲು ಹಿಡಿದು ಸುತ್ತುವರಿದರು. ಅತ್ತೆ ತಲೆ ನೇವರಿಸಿಕೊಂಡು, ಸೆರಗು ಸರಿಮಾಡಿಕೊಂಡು ನಿಂತರು.

"ಅಜ್ಜಿ, ಕೈ ಸ್ವಲ್ಪ ಲೈಟಿಗೆ ಹಿಡೀರಿ. ಹಾಂ, ಕೈ ಮಾತ್ರ ಸಾಕು" ಎಂದಳು ಒಬ್ಬ ಹುಡುಗಿ. ಎಲ್ಲ ಮೊಬೈಲುಗಳೂ ಒಟ್ಟಿಗೆ ಕೆಳಗೆ ಬಾಗಿದವು.

ಅತ್ತೆ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡರು.

"ಮುಖ ಬಂದ್ರೆ ಕೈ ಬತ್ತದೆ ಕಣಮ್ಮ. ಇಲ್ದಿದ್ರೆ ಎರಡೂ ಇಲ್ಲ."

ಹುಡುಗಿ ನಿರ್ದೇಶಕರ ಮುಖ ನೋಡಿದಳು. ನಿರ್ದೇಶಕರು ಗಡಿಯಾರ ನೋಡಿದರು. ಅತ್ತೆ ಕಿಟಕಿಯಾಚೆ ನೋಡಿದರು; ಎದುರಿನ ಕಟ್ಟಡದ ಗಾಜಿಗೆ ಅದೇ ಬಂಗಾರದ ಬಿಸಿಲು ಹತ್ತಿತ್ತು, ಸಿನಿಮಾದ ಆ ಮುಂಜಾನೆಯ ಬಿಸಿಲು.

"ನಡಿಯಮ್ಮ, ದೀಪದ ಹೊತ್ತಾಯ್ತು" ಎಂದು ನನ್ನ ತೋಳು ಹಿಡಿದರು. "ಇವರಿಗೋಸ್ಕರ ಒಂದ್ಸಲ ಕಾಯಿಸಿದ್ದೇ ಸಾಕು."